ಏಜೆಂಟ್‌ಗೆ ಕೊಡುವ ಟೂಲ್‌ಗಳ ವಿವರಣೆ ಹೇಗೆ ಬರೆಯುತ್ತೀರಿ? ಅದು ಸರಿ ಇದೆ ಅಂತ ಹೇಗೆ ಗೊತ್ತುಮಾಡಿಕೊಳ್ಳುತ್ತೀರಿ?

ಗಿರ್ಮಿಟ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ.

ನಮ್ಮದು ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಹೋಲ್‌ಸೇಲ್ ಅಂಗಡಿ. ಇಂಪೆಲ್ಲರ್, ಬುಷ್, ಸೀಲ್, ಬೇರಿಂಗ್, ಕೆಪಾಸಿಟರ್, ಇಂಥವು. ಸಾಫ್ಟ್‌ವೇರ್ ನೋಡಿಕೊಳ್ಳಲು ಇಬ್ಬರೇ ಇದ್ದೇವೆ. ಆರು ತಿಂಗಳ ಹಿಂದೆ ಕೌಂಟರ್‌ನವರಿಗೆ ಅಂತ ಒಂದು ಏಜೆಂಟ್ ಕಟ್ಟಿದೆವು, ಅಂದರೆ ಮಾತು ಅರ್ಥಮಾಡಿಕೊಂಡು ತಾನೇ ಕೆಲಸ ಮಾಡುವ ಪ್ರೋಗ್ರಾಂ; ಒಳಗೆ ಎಐ ಭಾಷಾ ಮಾಡೆಲ್ ಇದೆ. ಅವರು ಕನ್ನಡದಲ್ಲಿ ಟೈಪ್ ಮಾಡುತ್ತಾರೆ. ನಮ್ಮ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ತೆಗೆದ 19 ಟೂಲ್‌ಗಳಲ್ಲಿ ಬೇಕಾದ್ದನ್ನು ಅದು ಕರೆಯುತ್ತದೆ, ಅಂದರೆ ನಡೆಸುತ್ತದೆ. ಒಂದೊಂದು ಟೂಲ್ ಒಂದೊಂದು ಕೆಲಸಕ್ಕೆ. ಸ್ಟಾಕ್ ನೋಡುವುದು, ಆರ್ಡರ್ ಹಾಕುವುದು, ಯಾರ ಬಾಕಿ ಎಷ್ಟು ಅಂತ ಹೇಳುವುದು. ಎಲ್ಲಾ ಎಂಸಿಪಿ ಮೂಲಕ, ಅಂದರೆ ಏಜೆಂಟ್‌ಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಒಂದು ಸಾಮಾನ್ಯ ಪದ್ಧತಿ.

ಹೋದ ವಾರ ಕೌಂಟರ್‌ನಿಂದ ಒಬ್ಬರು ಬರೆದರು: "ಗದಗದವರ ಆರ್ಡರ್ ನಿಲ್ಲಿಸು, ರೊಕ್ಕ ಬಂದಿಲ್ಲ." ಏಜೆಂಟ್ 'ಸ್ಟಾಪ್_ಆರ್ಡರ್' ಕರೆಯಿತು. "ಆಯಿತು, ನಿಲ್ಲಿಸಿದ್ದೇನೆ" ಅಂತ ಉತ್ತರವನ್ನೂ ಕೊಟ್ಟಿತು. ನಮ್ಮ ಸಾಫ್ಟ್‌ವೇರ್‌ನಲ್ಲಿ ಸ್ಟಾಪ್ ಅಂದರೆ ಕ್ಯಾನ್ಸಲ್. ತಡೆಹಿಡಿಯೋಕೆ 'ಹೋಲ್ಡ್_ಆರ್ಡರ್' ಅಂತ ಬೇರೆ ಇದೆ. ಸಂಜೆಗೆ ಗದಗದವರ ರೊಕ್ಕ ಬಂತು. ಅಷ್ಟರಲ್ಲಿ ಅವರ ಮಾಲು ಕೊಪ್ಪಳದ ಬೇರೆ ಡೀಲರ್‌ಗೆ ಹೋಗಿತ್ತು.

ಎಲ್ಲರೂ ಮಾಡೆಲ್ ಸರಿ ಇಲ್ಲ ಅಂದರು. ಮಾಡೆಲ್ ಬದಲಿಸಿ ಅದೇ ಮಾತನ್ನು ಐದು ಸಲ ಕೇಳಿದೆ. ಎರಡು ಸಲ ಮತ್ತೆ ಅದೇ ತಪ್ಪು. ಆಮೇಲೆ ಟೂಲ್‌ನ ವಿವರಣೆ ತೆಗೆದು ನೋಡಿದೆ. ನಾಲ್ಕು ವರ್ಷದ ಹಿಂದೆ ನಾನೇ ಬರೆದದ್ದು: "ಆರ್ಡರ್ ನಿಲ್ಲಿಸುತ್ತದೆ." ಅಷ್ಟೇ.

ಬೈಯುವುದು ಯಾರನ್ನು, ಹೇಳಿ. ನೀವೆಲ್ಲಾ ಇದನ್ನು ಹೇಗೆ ಬರೆಯುತ್ತೀರಿ? ಬರೆದ ಮೇಲೆ ಸರಿ ಇದೆ ಅಂತ ಹೇಗೆ ನೋಡುತ್ತೀರಿ?

ತಿದ್ದುವವಳು

ನಾನು ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಮ್ಯಾನ್ಯುಯಲ್ ಬರೆಯುವವಳು. ಇಷ್ಟು ವರ್ಷ ಯಾರೂ ಓದದ್ದನ್ನು ಬರೆದೆ. ಈಗ ಪ್ರತಿ ಅಕ್ಷರವನ್ನೂ ಓದುವ ಓದುಗ ಸಿಕ್ಕಿದ್ದಾನೆ, ಅವನು ಮನುಷ್ಯ ಅಲ್ಲ ಅನ್ನುವುದೊಂದೇ ಬೇಜಾರು.

ಗಿರ್ಮಿಟ್ ಅವರೇ, ಏಜೆಂಟ್‌ಗೆ ನಿಮ್ಮ ಕೋಡ್ ಕಾಣುವುದಿಲ್ಲ. ಎಂಸಿಪಿ ಸರ್ವರ್‌ಗೆ ಜೋಡಿಸಿದಾಗ ಟೂಲ್‌ಗಳ ಪಟ್ಟಿ ಕೇಳುತ್ತದೆ. ಪ್ರತಿ ಟೂಲ್‌ಗೆ ಒಂದು ಹೆಸರು, ಒಂದು ವಿವರಣೆ, ಏನೇನು ಕೊಡಬೇಕು, ಯಾವ ರೂಪದಲ್ಲಿ ಕೊಡಬೇಕು ಅನ್ನುವ ಪಟ್ಟಿ (ಜೆಸನ್ ಸ್ಕೀಮಾ) ಬರುತ್ತದೆ. ಮಾಡೆಲ್ ಟೂಲ್ ಆರಿಸುವುದು ಇಷ್ಟನ್ನೇ ನೋಡಿ. ಹೊಸದಾಗಿ ಸೇರಿದ ಹುಡುಗ ಆದರೆ ಪಕ್ಕದವರನ್ನು "ಸ್ಟಾಪ್ ಅಂದ್ರೆ ಏನಣ್ಣ" ಅಂತ ಕೇಳುತ್ತಿದ್ದ. ಇದಕ್ಕೆ ಪಕ್ಕದವರಿಲ್ಲ.

ನಾನಾಗಿದ್ದರೆ ಮೊದಲು ಹೆಸರು ಬದಲಿಸುತ್ತಿದ್ದೆ. 'ಕ್ಯಾನ್ಸಲ್_ಆರ್ಡರ್'. ವಿವರಣೆ ಹೀಗೆ:

"ಆರ್ಡರನ್ನು ಪೂರ್ತಿ ರದ್ದು ಮಾಡುತ್ತದೆ. ಕಾದಿರಿಸಿದ ಮಾಲು ತಕ್ಷಣ ಸ್ಟಾಕ್‌ಗೆ ವಾಪಸ್ ಹೋಗುತ್ತದೆ, ಬೇರೆಯವರು ಕೊಳ್ಳಬಹುದು. ಹಿಂದಕ್ಕೆ ತರಲು ಆಗುವುದಿಲ್ಲ. ದುಡ್ಡು ಬರುವವರೆಗೆ ಕಾಯಲು, ಸ್ವಲ್ಪ ದಿನ ತಡೆಯಲು ಇದನ್ನು ಬಳಸಬೇಡ, ಅದಕ್ಕೆ ಹೋಲ್ಡ್_ಆರ್ಡರ್ ಇದೆ. 'ನಿಲ್ಲಿಸು' ಅಂತಷ್ಟೇ ಹೇಳಿದ್ದರೆ ಯಾವುದು ಅಂತ ಕೇಳು."

ಟೂಲ್ ಏನು ಮಾಡುತ್ತದೆ ಅಂತ ಎಲ್ಲರೂ ಬರೆಯುತ್ತಾರೆ. ಯಾವಾಗ ಬಳಸಬಾರದು, ಬಳಸಿದ ಮೇಲೆ ಏನು ಬದಲಾಗುತ್ತದೆ, ಏನೂ ಸಿಗದಿದ್ದರೆ ಏನು ವಾಪಸ್ ಬರುತ್ತದೆ, ಇದನ್ನು ಬಿಟ್ಟುಬಿಡುತ್ತಾರೆ. ನಾನು ನೋಡಿದ ಜಗಳಗಳೆಲ್ಲಾ ಅಲ್ಲೇ ಹುಟ್ಟಿದ್ದು.

ಹಳೇ_ಯೂನಿಕ್ಸ್

1971ರ ನವೆಂಬರ್‌ನಲ್ಲಿ ಬಂದ, ಯೂನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಮೊದಲ ಮ್ಯಾನ್ಯುಯಲ್‌ನಲ್ಲೇ ಪ್ರತಿ ಕಮಾಂಡ್‌ನ ಕೆಳಗೆ 'ಬಗ್ಸ್' ಅಂತ ಒಂದು ಭಾಗ ಇರುತ್ತಿತ್ತು. ಈ ಕಮಾಂಡ್ ಎಲ್ಲಿ ಕೈಕೊಡುತ್ತದೆ ಅಂತ ಬರೆದವರೇ ಒಪ್ಪಿಕೊಳ್ಳುತ್ತಿದ್ದರು. ಆಮೇಲೆ ಬಂದವರಿಗೆ ನಾಚಿಕೆ ಜಾಸ್ತಿ ಆಯಿತು.

ನಿಮ್ಮ 19 ಟೂಲ್‌ಗಳಲ್ಲಿ ಎಷ್ಟಕ್ಕೆ ಅಂಥ ಒಂದು ಸಾಲು ಬರೆಯಬಲ್ಲಿರಿ, ಇವತ್ತು ರಾತ್ರಿ ಕೂತು ನೋಡಿ.

ಗಿರ್ಮಿಟ್

ಸರ್, 14ಕ್ಕೆ ಬರೆದೆ. ಉಳಿದ ಐದು ಏನು ಮಾಡುತ್ತವೆ ಅಂತ ನನಗೇ ಪೂರ್ತಿ ಗೊತ್ತಿಲ್ಲ. ಬರೆದವರು ಬಿಟ್ಟುಹೋಗಿ ಮೂರು ವರ್ಷ ಆಯಿತು. 😅

ನೈಟ್_ಶಿಫ್ಟ್

ಐದನ್ನು ಮೊದಲು ಏಜೆಂಟ್‌ನಿಂದ ಕಿತ್ತುಹಾಕಿ. ಆಮೇಲೆ ಮಾತು.

ತಿದ್ದುವವಳು ಅವರ ಮಾತು ಅರ್ಧ ಒಪ್ಪುತ್ತೇನೆ. ಪ್ರತಿ ಟೂಲ್‌ಗೂ ಇಷ್ಟುದ್ದ ಬರೆದರೆ ಅದೆಲ್ಲಾ ಪ್ರತಿ ಮಾತುಕತೆಯಲ್ಲೂ ಮಾಡೆಲ್ ತಲೆಯ ಮೇಲೆ ಕೂತಿರುತ್ತದೆ. ಕೌಂಟರ್‌ನವರು ಒಂದು ಬೇರಿಂಗ್‌ನ ರೇಟ್ ಕೇಳಿದರೂ 19 ವಿವರಣೆಗಳ ಟೋಕನ್ (ಮಾಡೆಲ್ ಓದುವ ಪದದ ತುಂಡು, ದುಡ್ಡಿನ ಲೆಕ್ಕವೂ ಅದರಲ್ಲೇ) ಲೆಕ್ಕಕ್ಕೆ ಬರುತ್ತದೆ. ಅದೂ ಕನ್ನಡದಲ್ಲಿ ಬರೆದರೆ ಇನ್ನೂ ದುಬಾರಿ. ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. 'ಸ್ತ್ರೀ' ಅನ್ನುವುದು ನಮಗೆ ಒಂದೇ ಅಕ್ಷರ, ಕಂಪ್ಯೂಟರ್‌ಗೆ 6 ಸಂಕೇತ, 18 ಬೈಟ್. ಮಾಡೆಲ್‌ಗಳ ಟೋಕನ್ ಪಟ್ಟಿ ಇಂಗ್ಲಿಷ್ ಕಡೆಗೇ ವಾಲಿರುತ್ತದೆ, ಹಾಗಾಗಿ ಕನ್ನಡಕ್ಕೆ ಜಾಸ್ತಿ ತುಂಡು ಬೇಕಾಗುತ್ತದೆ.

ನಾವು ವಿವರಣೆಯನ್ನು ಇಂಗ್ಲಿಷ್‌ನಲ್ಲೇ ಬರೆಯುತ್ತೇವೆ. ಅದರೊಳಗೆ ಜನ ಆಡುವ ಕನ್ನಡ ಮಾತನ್ನು ಮಾತ್ರ ಉದಾಹರಣೆಯಾಗಿ ಹಾಗೇ ಇಡುತ್ತೇವೆ. 'ತಡೀರಿ', 'ಸದ್ಯಕ್ಕೆ ಬ್ಯಾಡ', 'ಕ್ಯಾನ್ಸಲ್ ಮಾಡಿಬಿಡ್ರಿ'. ಯಾವ ಮಾತಿಗೆ ಯಾವ ಟೂಲ್ ಅಂತ ಅಲ್ಲೇ ಜೋಡಿಸಿ.

ಇನ್ನೊಂದು. ವಾಪಸ್ ಬರುವ ಉತ್ತರವೂ ಟೂಲ್‌ನ ಭಾಗವೇ. ನಿಮ್ಮ ಸ್ಟಾಕ್ ಹುಡುಕುವ ಟೂಲ್ 'ಸೀಲ್' ಅಂದರೆ ಎಷ್ಟು ಸಾಲು ಕೊಡುತ್ತದೆ?

ಗಿರ್ಮಿಟ್

ಎಲ್ಲಾ. 1,100 ಚಿಲ್ಲರೆ.

ನೈಟ್_ಶಿಫ್ಟ್

ಅಲ್ಲೇ ಹೋಯಿತು. ಕೋಡ್ ಬರೆಯುವ ಏಜೆಂಟ್ ಕ್ಲಾಡ್ ಕೋಡ್‌ನಂಥದ್ದರಲ್ಲೇ ಒಂದು ಟೂಲ್‌ನ ಉತ್ತರಕ್ಕೆ 25,000 ಟೋಕನ್ ಮಿತಿ ಇಟ್ಟಿದ್ದಾರೆ. ನೀವು ಮೊದಲ 20 ಸಾಲು ಕೊಡಿ. ಕೊನೆಗೆ "ಇನ್ನೂ 1,080 ಇವೆ, ಸೈಜ್ ಅಥವಾ ಕಂಪನಿ ಹೆಸರು ಸೇರಿಸಿ ಹುಡುಕು" ಅಂತ ಒಂದು ಸಾಲು ಹಾಕಿ. ಆ ಸಾಲು ಹತ್ತು ಸಾಲಿನ ವಿವರಣೆಗಿಂತ ಜಾಸ್ತಿ ಕೆಲಸ ಮಾಡುತ್ತದೆ, ಏಕೆಂದರೆ ಬೇಕಾದ ಹೊತ್ತಿಗೆ ಮಾತ್ರ ಕಣ್ಣಿಗೆ ಬೀಳುತ್ತದೆ.

ತಪ್ಪಾದಾಗ ಕೊಡುವ ಸಂದೇಶವೂ ಹಾಗೇ. "ಎರರ್ 500" ಅಂದರೆ ಏಜೆಂಟ್ ಅದನ್ನೇ ಮೂರು ಸಲ ಕರೆಯುತ್ತದೆ. "ಈ ನಂಬರ್‌ನ ಆರ್ಡರ್ ಇಲ್ಲ, ಆರ್ಡರ್ ನಂಬರ್‌ಗೆ 6 ಅಂಕಿ ಇರಬೇಕು" ಅಂದರೆ ತಾನೇ ಸರಿಮಾಡಿಕೊಳ್ಳುತ್ತದೆ.

2024ರಲ್ಲಿ ಪ್ರಿನ್ಸ್‌ಟನ್‌ನವರು ಸ್ವೀ-ಏಜೆಂಟ್ ಅಂತ, ಪ್ರೋಗ್ರಾಂಗಳ ದೋಷ ತಿದ್ದುವ ಏಜೆಂಟ್ ಮಾಡಿದ್ದರು. ಮಾಡೆಲ್ ಅದೇ, ಟೂಲ್‌ಗಳ ರೂಪ ಬದಲಿಸಿದರೆ ಏನಾಗುತ್ತದೆ ಅಂತ ನೋಡುವುದೇ ಅವರ ಕೆಲಸದ ತಿರುಳು. ಫೈಲ್ ತೋರಿಸುವ ಟೂಲ್ ಒಂದು ಸಲಕ್ಕೆ 100 ಸಾಲು ತೋರಿಸಿದಾಗ ಇಡೀ ಫೈಲ್ ತೋರಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. 30 ಸಾಲಿಗೆ ಇಳಿಸಿದರೆ ಮತ್ತೆ ಕೆಟ್ಟಿತು. ತಿದ್ದುವ ಟೂಲ್ ಸಿಂಟ್ಯಾಕ್ಸ್ (ಕೋಡ್‌ನ ವ್ಯಾಕರಣ) ತಪ್ಪಿದ್ದರೆ ಬದಲಾವಣೆಯನ್ನು ಒಳಗೇ ಬಿಡುತ್ತಿರಲಿಲ್ಲ.

ಮೂರನೇ_ಬೆಂಚು

ನಾನಿನ್ನೂ ಕಾಲೇಜಿನಲ್ಲಿದ್ದೇನೆ, ತಪ್ಪು ಕೇಳಿದ್ದರೆ ಬೈಯಬೇಡಿ. ಈ ವಿವರಣೆಗಳನ್ನು ಮಾಡೆಲ್‌ಗೇ ಕೋಡ್ ಕೊಟ್ಟು ಬರೆಸಬಹುದಲ್ವಾ?

ತಿದ್ದುವವಳು

ಬರೆಸಬಹುದು. ನಾನೂ ಬರೆಸಿ ಕೈ ಸುಟ್ಟುಕೊಂಡಿದ್ದೇನೆ. ಹಿಂದಿನ ಕೆಲಸದಲ್ಲಿ ರೀಫಂಡ್ ಟೂಲ್‌ಗೆ ಬಹಳ ಚಂದದ ವಿವರಣೆ ಬರೆದುಕೊಟ್ಟಿತು. ಅದರಲ್ಲಿ "30 ದಿನದೊಳಗೆ ಹಿಂಪಡೆಯಬಹುದು" ಅಂತ ಒಂದು ಸಾಲು. ಅಂಥ ನಿಯಮ ನಮ್ಮಲ್ಲಿ ಇರಲೇ ಇಲ್ಲ. ಓದೋಕೆ ಎಷ್ಟು ಸಹಜವಾಗಿತ್ತು ಅಂದರೆ ನಾನೂ ಸೇರಿ ಮೂವರು ಓದಿ ಸರಿ ಅಂದೆವು.

ಆದರೆ ಉಲ್ಟಾ ಕೆಲಸಕ್ಕೆ ತುಂಬಾ ಒಳ್ಳೆಯದು. ನೀವು ಬರೆದ ವಿವರಣೆಗಳನ್ನಷ್ಟೇ ಕೊಟ್ಟು "ಇದರಲ್ಲಿ ಯಾವ ಎರಡು ಟೂಲ್ ಒಂದೇ ಥರ ಕಾಣುತ್ತವೆ?" ಅಂತ ಕೇಳಿ. ಸ್ಟಾಪ್, ಹೋಲ್ಡ್ ಎರಡನ್ನೂ ಮೊದಲ ಏಟಿಗೇ ಎತ್ತಿ ತೋರಿಸುತ್ತದೆ.

ಟೆಸ್ಟಿಂಗ್_ಅಕ್ಕ

ಎಲ್ಲರೂ ಬರೆಯುವುದರ ಬಗ್ಗೆಯೇ ಹೇಳುತ್ತಿದ್ದೀರಿ. ಬರೆದದ್ದು ಕೆಲಸ ಮಾಡಿತಾ ಅಂತ ನೋಡುವುದು ಹೇಗೆ ಅಂತ ಅವರು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. 🙂

ಗಿರ್ಮಿಟ್, ಮಾಡೆಲ್ ಬದಲಿಸಿ ಐದು ಸಲ ಕೇಳಿದ್ದು ಈ ಚರ್ಚೆಯಲ್ಲೇ ಒಳ್ಳೆಯ ಕೆಲಸ. ಒಂದೇ ಸಲ ಕೇಳಿ ಸರಿ ಬಂದಿದ್ದರೆ "ಹೊಸ ಮಾಡೆಲ್ ಸರಿ ಇದೆ" ಅಂತ ಮನೆಗೆ ಹೋಗುತ್ತಿದ್ದಿರಿ.

ಲಾಗ್ (ಹಳೇ ಮಾತುಕತೆಗಳ ದಾಖಲೆ) ತೆಗೆದು ಕೌಂಟರ್‌ನವರು ನಿಜವಾಗಿ ಕೇಳಿದ 30-40 ಮಾತುಗಳನ್ನು ಆರಿಸಿ. ಕಾಗುಣಿತ ತಿದ್ದಬೇಡಿ. 'ಬ್ಯರಿಂಗ' ಅಂತ ಇದ್ದರೆ ಹಾಗೇ ಇರಲಿ. ಪ್ರತಿಯೊಂದಕ್ಕೂ ಕೆಲಸ ಮುಗಿದ ಮೇಲೆ ಡೇಟಾಬೇಸ್ ಹೇಗಿರಬೇಕು ಅಂತ ಬರೆದಿಡಿ. ಡೇಟಾಬೇಸ್‌ನ ಒಂದು ನಕಲು ಮಾಡಿ, ಪ್ರತಿ ಓಟಕ್ಕೂ (ಒಂದು ಸಲ ಕೇಳಿ ನೋಡಿದರೆ ಒಂದು ಓಟ) ಅದನ್ನು ಮೊದಲಿನ ಸ್ಥಿತಿಗೆ ತನ್ನಿ. ಏಜೆಂಟ್ ಕೊನೆಗೆ ಏನು ಹೇಳಿತು ಅನ್ನುವುದನ್ನು ನಂಬಬೇಡಿ. ನಿಮ್ಮ ಗದಗದ ಕೇಸ್‌ನಲ್ಲೂ ಅದು "ನಿಲ್ಲಿಸಿದ್ದೇನೆ" ಅಂದಿತ್ತಲ್ಲ. ಮಾತು ಸರಿ, ಡೇಟಾಬೇಸ್ ಟೇಬಲ್‌ನಲ್ಲಿ ಬೇರೆ.

ಇದು ನನ್ನ ಸ್ವಂತ ಬುದ್ಧಿ ಏನಲ್ಲ. 2024ರಲ್ಲಿ ಬಂದ ಟೌ-ಬೆಂಚ್ ಅನ್ನುವ ಏಜೆಂಟ್ ಪರೀಕ್ಷೆ ಹೀಗೇ ಮಾಡುತ್ತದೆ. ಅಂಗಡಿ ಮತ್ತು ವಿಮಾನ ಕಂಪನಿಯ ಗ್ರಾಹಕ ಸೇವೆ, ಗ್ರಾಹಕನ ಪಾತ್ರಕ್ಕೆ ಇನ್ನೊಂದು ಮಾಡೆಲ್, ಕೊನೆಗೆ ಡೇಟಾಬೇಸ್ ಹೋಲಿಕೆ. ಅದರಲ್ಲಿ ನನಗೆ ಹಿಡಿಸಿದ್ದು ಒಂದೇ ಕೆಲಸವನ್ನು ಹಲವು ಸಲ ಕೊಟ್ಟು ಎಲ್ಲಾ ಸಲವೂ ಸರಿ ಬಂದರೆ ಮಾತ್ರ ಪಾಸ್ ಅನ್ನುವ ಲೆಕ್ಕ. ಆಗಿನ ಜಿಪಿಟಿ-4ಓ ಮಾಡೆಲ್ ಅರ್ಧಕ್ಕಿಂತ ಕಮ್ಮಿ ಕೆಲಸ ಮುಗಿಸಿತ್ತು. ಅಂಗಡಿ ಭಾಗದಲ್ಲಿ ಎಂಟಕ್ಕೆ ಎಂಟೂ ಸಲ ಸರಿ ಅನ್ನುವ ಲೆಕ್ಕ ಹಾಕಿದರೆ ಶೇ. 25ಕ್ಕಿಂತ ಕೆಳಗೆ ಬಿತ್ತು. ಈಗಿನ ಮಾಡೆಲ್‌ಗಳು ಬಹಳ ಮುಂದಿವೆ, ಆದರೆ ಲೆಕ್ಕದ ಪಾಠ ಹಾಗೇ ಇದೆ. ಪ್ರತಿ ಸಲ ಶೇ. 90 ಸರಿ ಮಾಡುವ ಏಜೆಂಟ್ ಎಂಟೂ ಸಲ ಸರಿ ಮಾಡುವ ಸಂಭವ ಶೇ. 43 ಮಾತ್ರ. ಕ್ಯಾಲ್ಕುಲೇಟರ್‌ನಲ್ಲಿ 0.9ನ್ನು ಎಂಟು ಸಲ ಗುಣಿಸಿ ನೋಡಿ. ಅಂಗಡಿಯವರಿಗೆ ಬೇಕಾಗಿರುವುದು ಈ 43, ಆ 90 ಅಲ್ಲ.

ಆಮೇಲೆ, ಯಾವ ಟೂಲ್ ಯಾವ ಕ್ರಮದಲ್ಲಿ ಕರೆಯಬೇಕು ಅಂತ ಕಟ್ಟುನಿಟ್ಟು ಮಾಡಬೇಡಿ. ಸ್ಟಾಕ್ ನೋಡಿ ಬಾಕಿ ನೋಡಿದರೂ, ಬಾಕಿ ನೋಡಿ ಸ್ಟಾಕ್ ನೋಡಿದರೂ ಆರ್ಡರ್ ಸರಿ ಬಿದ್ದರೆ ಸಾಕು. ಕೋಡ್ ತಿದ್ದುವ ಏಜೆಂಟ್‌ಗಳ ಪರೀಕ್ಷೆ ಸ್ವೀ-ಬೆಂಚ್‌ನಲ್ಲೂ ಅಷ್ಟೇ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 12 ಪ್ರಾಜೆಕ್ಟ್‌ಗಳಿಂದ ತೆಗೆದ 2,294 ನಿಜವಾದ ದೂರುಗಳು. ಸರಿಯಾಯಿತಾ ಅಂತ ಹೇಳುವುದು ಆ ಪ್ರಾಜೆಕ್ಟಿನ ಟೆಸ್ಟ್‌ಗಳು, ಹೇಗೆ ಸರಿಮಾಡಿದೆ ಅಂತ ಯಾರೂ ಕೇಳುವುದಿಲ್ಲ.

ಯಾವ ಟೂಲನ್ನೂ ಕರೆಯಬಾರದ ಪ್ರಶ್ನೆಗಳೂ ಇರಲಿ. ಮಾಡೆಲ್‌ಗಳು ಟೂಲ್ ಎಷ್ಟು ಸರಿಯಾಗಿ ಕರೆಯುತ್ತವೆ ಅಂತ ಅಳೆಯುವ, ಬರ್ಕ್ಲಿ ವಿಶ್ವವಿದ್ಯಾಲಯದವರ ಫಂಕ್ಷನ್ ಕಾಲಿಂಗ್ ಪಟ್ಟಿಯಲ್ಲಿ ಅದಕ್ಕೇ ಒಂದು ಪ್ರತ್ಯೇಕ ವಿಭಾಗ ಇದೆ. "ಇವತ್ತು ಕರೆಂಟ್ ಯಾವಾಗ ಬರುತ್ತೆ" ಅಂದರೆ ಏಜೆಂಟ್ ಸುಮ್ನೆ ಇರಬೇಕು, ಕೆಪಾಸಿಟರ್ ಆರ್ಡರ್ ಹಾಕಬಾರದು.

ಕೊನೇದು. ಎಂಟ್ಹತ್ತು ಪ್ರಶ್ನೆ ಬಚ್ಚಿಡಿ. ವಿವರಣೆ ತಿದ್ದುವಾಗ ಅವನ್ನು ನೋಡಲೇಬೇಡಿ. ಇಲ್ಲದಿದ್ದರೆ ಪ್ರಶ್ನೆಪತ್ರಿಕೆ ನೋಡಿ ಪಾಠ ಮಾಡಿದ ಹಾಗೆ ಆಗುತ್ತದೆ.

ಕೊಡೆ_ಮರೆತವ

ಇಷ್ಟೆಲ್ಲಾ ರಾಮಾಯಣದ ಬದಲು ಕ್ಯಾನ್ಸಲ್‌ಗೆ ಒಂದು ಬಟನ್ ಇಟ್ಟರೆ ಮುಗಿಯಿತಲ್ಲ ಮಾರಾಯ್ರೆ? ಮನುಷ್ಯ ಒತ್ತಲಿ.

ಟೆಸ್ಟಿಂಗ್_ಅಕ್ಕ

ಕ್ಯಾನ್ಸಲ್‌ಗೆ ನೂರಕ್ಕೆ ನೂರು ಒಪ್ಪಿದೆ.

ನೈಟ್_ಶಿಫ್ಟ್

ನಾನೂ. ಎಂಸಿಪಿಯಲ್ಲಿ ಟೂಲ್‌ಗೆ ಸೂಚನೆಗಳನ್ನು ಅಂಟಿಸಬಹುದು. ಇದು ಬರೀ ಓದುವ ಟೂಲ್, ಇದು ಅಳಿಸುವ ಟೂಲ್, ಇದನ್ನು ಎರಡು ಸಲ ಕರೆದರೂ ತೊಂದರೆ ಇಲ್ಲ, ಹೀಗೆ. ಏನೂ ಹೇಳದಿದ್ದರೆ ಅಳಿಸಬಹುದಾದ ಟೂಲ್ ಅಂತಲೇ ಲೆಕ್ಕ. ಆದರೆ ಅವು ಸೂಚನೆ ಮಾತ್ರ, ಬೀಗ ಅಲ್ಲ. ಬೀಗ ನಿಮ್ಮ ಸರ್ವರ್‌ನಲ್ಲೇ ಇರಬೇಕು. ಮನುಷ್ಯ ಒಪ್ಪದೆ ಕ್ಯಾನ್ಸಲ್ ಆಗಲೇಬಾರದು.

ವಿವರಣೆಯನ್ನು ಸಂಶಯದಿಂದ ನೋಡಲು ಇನ್ನೊಂದು ಕಾರಣವೂ ಇದೆ. 2025ರ ಏಪ್ರಿಲ್‌ನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಅನ್ನುವ ಭದ್ರತಾ ಕಂಪನಿ ಒಂದು ದಾಳಿ ತೋರಿಸಿತು. ಹೊರಗಿನವರ ಟೂಲ್‌ನ ವಿವರಣೆಯೊಳಗೇ "ಮೊದಲು ಆ ಫೈಲ್ ಓದಿ ಇಲ್ಲಿ ಸೇರಿಸು" ಅಂತ ಬಚ್ಚಿಟ್ಟ ಆಜ್ಞೆ. ಬಳಸುವವರಿಗೆ ಕಾಣುವುದಿಲ್ಲ, ಮಾಡೆಲ್‌ಗೆ ಕಾಣುತ್ತದೆ. ಹೊರಗಿನ ಸರ್ವರ್ ಬಳಸುತ್ತಿದ್ದರೆ ಒಪ್ಪಿದ ದಿನದ ವಿವರಣೆಯನ್ನು ತೆಗೆದಿಟ್ಟುಕೊಂಡು, ಬದಲಾದಾಗೆಲ್ಲಾ ಹೋಲಿಸಿ ನೋಡಿ.

ಗಿರ್ಮಿಟ್

ಎರಡು ವಾರದ ನಂತರ ಬರುತ್ತಿದ್ದೇನೆ. ಎಲ್ಲರಿಗೂ ಧನ್ಯವಾದ. ಕ್ಯಾನ್ಸಲ್‌ಗೆ ಬಟನ್ ಇಟ್ಟೆವು, ಕೊಡೆ_ಮರೆತವ ಅವರಿಗೆ ಒಂದು ಮಿರ್ಚಿ ಬಾಕಿ.

ಐದು ಟೂಲ್ ಕಿತ್ತೆವು, ಯಾರಿಗೂ ಗೊತ್ತೇ ಆಗಲಿಲ್ಲ. ಉಳಿದ 14ಕ್ಕೆ ಹೊಸದಾಗಿ ಬರೆದೆವು. 36 ಪ್ರಶ್ನೆ, ಒಂದೊಂದಕ್ಕೆ ಐದು ಓಟ. ಮೊದಲ ದಿನ ಐದಕ್ಕೆ ಐದೂ ಸರಿ ಬಂದದ್ದು 15. ಈಗ 28.

ಮಜಾ ಅಂದರೆ ಮಧ್ಯದಲ್ಲಿ ಒಮ್ಮೆ ಹಿಂದಕ್ಕೆ ಹೋದೆವು. ಹೋಲ್ಡ್‌ನ ವಿವರಣೆಯನ್ನು ಉತ್ಸಾಹದಿಂದ ಉದ್ದ ಮಾಡಿದೆ. "ರೊಕ್ಕ ಬಾಕಿ ಇದ್ದಾಗ ಬಳಸು" ಅಂತ ಸೇರಿಸಿದೆ. ಮರುದಿನದ ಓಟಗಳಲ್ಲಿ "ಧಾರವಾಡದವರ ಬಾಕಿ ಎಷ್ಟೈತಿ" ಅಂತ ಸುಮ್ನೆ ಕೇಳಿದರೂ ಏಜೆಂಟ್ ಅವರ ಆರ್ಡರ್ ತಡೆಹಿಡಿಯುತ್ತಿತ್ತು! ನಕಲು ಡೇಟಾಬೇಸ್ ಆದ್ದರಿಂದ ಬಚಾವ್. "ತಡೆಯಲು ಹೇಳಿದಾಗ ಮಾತ್ರ" ಅಂತ ಬದಲಿಸಿದ ಮೇಲೆ ನಿಂತಿತು.

ಇನ್ನೊಂದು, ಮೂರು ಪ್ರಶ್ನೆಗಳಲ್ಲಿ ಏಜೆಂಟ್ ಸರಿ ಇತ್ತು, ನಾನು ಬರೆದಿಟ್ಟ ಉತ್ತರವೇ ತಪ್ಪಿತ್ತು. ಸೋತ ಓಟಗಳನ್ನು ಒಂದೊಂದಾಗಿ ಓದದಿದ್ದರೆ ಸಿಗುತ್ತಿರಲಿಲ್ಲ.

ಇನ್ನೂ ಬಗೆಹರಿಯದ್ದು ಊರಿನ ಹೆಸರು ಮತ್ತು ತಾರೀಕು. 'ಹೊಸಪೇಟೆ' ಅಂದರೆ ಡೀಲರ್ ಸಿಗುವುದಿಲ್ಲ.

ನೈಟ್_ಶಿಫ್ಟ್

2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತಲ್ಲ, ಹೊಸಪೇಟೆಯೂ ಅದರಲ್ಲಿದೆ. ನಿಮ್ಮ ಹಳೇ ಡೇಟಾದಲ್ಲಿ 'ಹಾಸ್ಪೆಟ್' ಅಂತ ಇರುತ್ತದೆ, ಬೆಳಗಾವಿ 'ಬೆಲ್ಗಾಮ್' ಅಂತ ಇರುತ್ತದೆ. ವಿವರಣೆಯಲ್ಲಿ ಬರೆದು ಮಾಡೆಲ್ ಮೇಲೆ ಭಾರ ಹಾಕಬೇಡಿ. ಟೂಲ್‌ನೊಳಗೇ ಎರಡೂ ಹೆಸರಿನ ಪಟ್ಟಿ ಇಡಿ.

ಕನ್ನಡ ಲಿಪಿಯಲ್ಲೇ ಹೆಸರು ಇಟ್ಟಿದ್ದರೆ ಇನ್ನೊಂದು ಗುಂಡಿ ಇದೆ. 'ಕೊ' ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿ. ಕ ಮೇಲೆ ಒಂದೇ ಸ್ವರಚಿಹ್ನೆ, ಇಲ್ಲವೇ ಎರಡು ತುಂಡು ಚಿಹ್ನೆ ಜೋಡಿಸಿ. ಕಣ್ಣಿಗೆ ಒಂದೇ, ಹೋಲಿಸಿದರೆ ಬೇರೆ. ಹೋಲಿಸುವ ಮೊದಲು ಎರಡನ್ನೂ ನಾರ್ಮಲೈಸ್ ಮಾಡಿ, ಅಂದರೆ ಒಂದೇ ರೂಪಕ್ಕೆ ತನ್ನಿ.

ತಾರೀಕಿಗೆ 05/06 ಅಂತ ಬಿಡಲೇಬೇಡಿ. ವರ್ಷ-ತಿಂಗಳು-ದಿನ ಅಂತ ಸ್ಕೀಮಾದಲ್ಲೇ ಕಟ್ಟಿಹಾಕಿ, ಉದಾಹರಣೆಯನ್ನೂ ಕೊಡಿ. ಅಂಕಿ ಕನ್ನಡದಲ್ಲಿ ಬರೆಯುವವರು ಇದ್ದಾರಾ?

ಗಿರ್ಮಿಟ್

ಒಬ್ಬರು ಹಿರಿಯರು ಇದ್ದಾರೆ. '೧೨ ಸೀಲ್' ಅಂತಲೇ ಬರೆಯುತ್ತಾರೆ.

ನೈಟ್_ಶಿಫ್ಟ್

ಅವರದ್ದೂ ಪ್ರಶ್ನೆಪಟ್ಟಿಗೆ ಸೇರಿಸಿ. ಸಂಖ್ಯೆಗೆ ಬದಲಿಸುವಾಗ ಪೈಥಾನ್ ೧೨ನ್ನು ತಾನೇ 12 ಮಾಡಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟ್ ಮಾಡುವುದಿಲ್ಲ. ನಿಮ್ಮ ಸರ್ವರ್ ಯಾವುದರಲ್ಲಿದೆಯೋ ನೋಡಿಕೊಳ್ಳಿ.

ಮೂರನೇ_ಬೆಂಚು

ನನ್ನ ಪ್ರಾಜೆಕ್ಟ್‌ಗೆ ಇದೇ ವಿಷಯ ತೆಗೆದುಕೊಳ್ಳಲಾ ಅಂತ ಯೋಚನೆ. ಗಿರ್ಮಿಟ್ ಅಣ್ಣ, ನಿಮ್ಮ 36 ಪ್ರಶ್ನೆ ಸಿಗುತ್ತದಾ?

ಗಿರ್ಮಿಟ್

ಡೀಲರ್‌ಗಳ ಹೆಸರು, ಬಾಕಿ ಎಲ್ಲಾ ಅದರಲ್ಲಿದೆ ತಮ್ಮಾ. ಹೆಸರು ಅಳಿಸಿ, ಮೊತ್ತ ಬದಲಿಸಿ ಕೊಡಬಹುದಾ ಅಂತ ಮಾಲೀಕರನ್ನು ಕೇಳುತ್ತೇನೆ.

ಒಂದು ವಿಷಯ ಹೇಳುವುದು ಮರೆತಿದ್ದೆ. ಹೊಸ ವಿವರಣೆಗಳನ್ನು ಪ್ರಿಂಟ್ ತೆಗೆದು ಗೋಡೌನ್‌ನಲ್ಲಿ 22 ವರ್ಷದಿಂದ ಇರುವವರಿಗೆ ಓದಿಸಿದೆ. ಕ್ಯಾನ್ಸಲ್ ಓದಿದರು, ಹೋಲ್ಡ್ ಓದಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: "ಎರಡೂ ಸರಿ ಅದಾವ. ಆದ್ರ ನಾವು ಆರ್ಡರ್ ನಿಲ್ಸು ಅಂದ್ರ ಲಾರಿಗೆ ಹಾಕಿದ ಮಾಲು ಕೆಳಗ ಇಳಿಸೂದು. ಅದು ಯಾವುದರಾಗ ಬರತೈತಿ?"

ತಿದ್ದುವವಳು

ಅಯ್ಯೋ. ಮೂರನೇ ಅರ್ಥ! ಹಾಗಾದರೆ 15ನೇ ಟೂಲ್?

ಗಿರ್ಮಿಟ್

ಇಲ್ಲ ಮೇಡಂ. ಲಾರಿ ಹೊರಟಿದ್ದರೆ ಡ್ರೈವರ್‌ಗೆ ಫೋನ್ ಮಾಡಬೇಕು. ಹೋಲ್ಡ್ ಟೂಲ್‌ನಲ್ಲಿ ಒಂದು ಸಾಲು ಸೇರಿಸಿದ್ದೇನೆ: ಮಾಲು ಲಾರಿಗೆ ಹೋಗಿದ್ದರೆ ಈ ಟೂಲ್ ಏನೂ ಮಾಡುವುದಿಲ್ಲ, ಗೋಡೌನ್‌ಗೆ ಫೋನ್ ಮಾಡಲು ಹೇಳು.

ಹಳೇ_ಯೂನಿಕ್ಸ್

ಅದನ್ನೇ ನಾವು 'ಬಗ್ಸ್' ಅನ್ನುತ್ತಿದ್ದದ್ದು.